ಯಾವೂರಾಯ್ತು?

ನಮ್ಮ ಕಡೆ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕುಳಿತವರು ಮೊದಲು ಕೇಳುವುದು ಹೆಸರನ್ನಲ್ಲ, ಊರನ್ನು. "ಯಾವೂರಾಯ್ತು?" ಎಂದು ಕೇಳಿ, ಉತ್ತರ ಸಿಕ್ಕಿದ ಮೇಲೆಯೇ ಅವರು ಚೀಲವನ್ನು ಕಾಲಬುಡದಲ್ಲಿ ಸರಿಮಾಡಿಕೊಂಡು ನಿರಾಳವಾಗಿ ಕೂರುವುದು. ಹೆಸರು ತಿಳಿಯದೆ ಶಿವಮೊಗ್ಗದಿಂದ ಸಾಗರದವರೆಗೆ ಹರಟುತ್ತಾ ಹೋಗಬಹುದು. ಊರು ತಿಳಿಯದೆ ಆನಂದಪುರದವರೆಗೂ ಹೋಗುವುದು ಕಷ್ಟ. ಊರು ಗೊತ್ತಾದರೆ ಅಲ್ಲಿಯ ಮಳೆ, ಅಡಿಕೆಯ ಧಾರಣೆ, ಅಲ್ಲಿಗೆ ಕೊಟ್ಟ ಹೆಣ್ಣುಮಕ್ಕಳು, ಅಲ್ಲಿಂದ ತಂದ ಸೊಸೆಯರು, ಎಲ್ಲವೂ ಸಾಲಾಗಿ ಬರುತ್ತವೆ.

ಮೇಷ್ಟರ ಕೆಲಸದಲ್ಲಿರುವವರಿಗೆ ಕೇಳುವ ಅಗತ್ಯವೂ ಇರುವುದಿಲ್ಲ. ಜೂನ್ ತಿಂಗಳಲ್ಲಿ ಎಂಟನೇ ತರಗತಿಗೆ ಸುತ್ತಲಿನ ಹಳ್ಳಿಗಳಿಂದ ಹೊಸ ಮಕ್ಕಳು ಬರುತ್ತಾರೆ. ಎಲ್ಲರದೂ ಒಂದೇ ಸಮವಸ್ತ್ರ, ಎಣ್ಣೆ ಹಚ್ಚಿ ಬಾಚಿದ ಒಂದೇ ಬಗೆಯ ತಲೆ. ಬಾಯಿ ಬಿಡುವವರೆಗೆ ಎಲ್ಲರೂ ಒಂದೇ. ಎದ್ದು ನಿಂತು ಎರಡು ವಾಕ್ಯ ಓದಿದರೆ ಸಾಕು, ಶಿಕಾರಿಪುರದ ಆಚೆಯ ಹುಡುಗನ ಮಾತಿನಲ್ಲಿ ಬಯಲುಸೀಮೆಯ ಬಿರುಸು ಕೇಳಿಸುತ್ತದೆ, ತೀರ್ಥಹಳ್ಳಿಯ ಕಡೆಯವಳ ಮಾತಿನಲ್ಲಿ ಒಂದು ಎಳೆತ ಇರುತ್ತದೆ. ವರ್ಷವಿಡೀ ವ್ಯಾಕರಣ ಹೇಳಿಕೊಟ್ಟರೂ ಅದು ಪೂರ್ತಿ ಹೋಗುವುದಿಲ್ಲ. ಹೋಗಬೇಕೆಂದು ನನಗೂ ಅನ್ನಿಸಿಲ್ಲ.

ಕ್ಯಾನ್ಸರಿನ ಗಂಟನ್ನೂ ಡಾಕ್ಟರರು ಹೀಗೆಯೇ "ಯಾವೂರಾಯ್ತು?" ಎಂದು ಕೇಳುತ್ತಾರೆ, ಆ ಪ್ರಶ್ನೆಯ ಉತ್ತರದ ಮೇಲೆ ಒಂದು ಜೀವ ನಿಂತಿರುತ್ತದೆ ಎಂಬುದು ನನಗೆ ತಿಳಿದದ್ದು 2018ರ ಮಳೆಗಾಲದಲ್ಲಿ, ನಮ್ಮ ಅಕ್ಕನ ದೆಸೆಯಿಂದ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಸಾಗರದ ಹತ್ತಿರದ ಹಳ್ಳಿಯಲ್ಲಿ ಅವಳ ಮನೆ, ತೋಟ. ಆ ಜುಲೈಯಲ್ಲಿ ಸ್ನಾನ ಮಾಡುವಾಗ ಎಡಗಂಕುಳಲ್ಲಿ ಅಡಿಕೆಯಷ್ಟು ದಪ್ಪದ ಒಂದು ಗಂಟು ಕೈಗೆ ಸಿಕ್ಕಿತಂತೆ. ನೋವಿಲ್ಲ, ಕೆಂಪಿಲ್ಲ. ತೋಟದಲ್ಲಿ ಮುಳ್ಳು ಗೀರಿದ್ದಕ್ಕೆ ಗೆಡ್ಡೆ ಕಟ್ಟಿರಬೇಕು ಎಂದುಕೊಂಡು ಸುಮ್ಮನಿದ್ದಳು. ಗೌರಿಹಬ್ಬಕ್ಕೆ ನಾನು ಹೋದಾಗ ಅದು ನೆಲ್ಲಿಕಾಯಿಯಷ್ಟಾಗಿತ್ತು. ಪೇಟೆಯ ಆಸ್ಪತ್ರೆಯಲ್ಲಿ ಸೂಜಿ ಹಾಕಿ ನೋಡಿದರು. ಆಮೇಲೆ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಬಂದ ವರದಿಯಲ್ಲಿ ಎರಡು ಸಂಗತಿಗಳಿದ್ದವು. ಇದು ಕ್ಯಾನ್ಸರ್. ಇದು ಇಲ್ಲಿ ಹುಟ್ಟಿದ್ದಲ್ಲ, ಬೇರೆಲ್ಲಿಂದಲೋ ಬಂದು ಕಂಕುಳಿನ ದುಗ್ಧಗ್ರಂಥಿಯಲ್ಲಿ ನೆಲೆಸಿದೆ, ಮೂಲವನ್ನು ಹುಡುಕಬೇಕು.

ಹುಡುಕಿದರು. ಸ್ತನಗಳ ಮ್ಯಾಮೊಗ್ರಾಮ್ ಆಯಿತು, ಏನೂ ಇಲ್ಲ. ಎದೆ, ಹೊಟ್ಟೆಯ ಸ್ಕ್ಯಾನ್ ಆಯಿತು, ಏನೂ ಇಲ್ಲ. ಸಾಧಾರಣವಾಗಿ 'ಏನೂ ಇಲ್ಲ' ಎಂಬ ಮಾತಿಗಿಂತ ಹಿತವಾದ ಮಾತು ಆಸ್ಪತ್ರೆಯಲ್ಲಿ ಇನ್ನೊಂದಿಲ್ಲ. ಆದರೆ ಈ ಸಲ ಪ್ರತಿಯೊಂದು 'ಏನೂ ಇಲ್ಲ'ಕ್ಕೂ ಡಾಕ್ಟರ ಹಣೆಯಲ್ಲಿ ಒಂದೊಂದು ಗೆರೆ ಹೆಚ್ಚುತ್ತಿತ್ತು. ಕಳ್ಳ ಮನೆಯೊಳಗಿದ್ದಾನೆ ಎಂದು ಗೊತ್ತಿದ್ದು ಯಾವ ಕೋಣೆಯಲ್ಲಿಯೂ ಸಿಕ್ಕದಿದ್ದರೆ ಹೇಗಿರುತ್ತದೆಯೋ ಹಾಗೆ.

ಇದು ತೀರಾ ಅಪರೂಪವಲ್ಲವಂತೆ. ನೂರು ಕ್ಯಾನ್ಸರ್ ರೋಗಿಗಳಲ್ಲಿ 2ರಿಂದ 5 ಜನರಲ್ಲಿ ಹರಡಿದ್ದು ಕಾಣುತ್ತದೆ, ಹೊರಟ ಜಾಗ ಕಾಣುವುದಿಲ್ಲ. ಹುಟ್ಟಿದ ಗೆಡ್ಡೆ ಯಾವ ಯಂತ್ರದ ಕಣ್ಣಿಗೂ ಬೀಳದಷ್ಟು ಸಣ್ಣದಿರಬಹುದು, ಅಥವಾ ಸಂತಾನವನ್ನು ಹೊರಗೆ ಕಳಿಸಿ ತಾನು ಬತ್ತಿಹೋಗಿರಬಹುದು.

ಊರು ತಿಳಿಯದಿದ್ದರೆ ಏನಾಯಿತು, ಕ್ಯಾನ್ಸರ್ ಎಂದು ಗೊತ್ತಾಯಿತಲ್ಲ, ಅದಕ್ಕೆ ಔಷಧ ಕೊಡಲಿ ಎಂದು ಭಾವ ಕೇಳಿದರು. ನಾನೂ ಹಾಗೆಯೇ ಯೋಚಿಸುತ್ತಿದ್ದೆ. ಆದರೆ ಕ್ಯಾನ್ಸರ್ ಎಂಬುದು ಒಂದು ರೋಗವಲ್ಲ. ಕರುಳಿನಲ್ಲಿ ಹುಟ್ಟಿ ಯಕೃತ್ತಿಗೆ ಹೋಗಿ ಬೆಳೆದದ್ದು ಯಕೃತ್ತಿನ ಕ್ಯಾನ್ಸರ್ ಆಗುವುದಿಲ್ಲ, ಅದು ಯಕೃತ್ತಿನಲ್ಲಿ ಬಿಡಾರ ಹೂಡಿದ ಕರುಳಿನ ಕ್ಯಾನ್ಸರ್ ಆಗಿಯೇ ಉಳಿಯುತ್ತದೆ. ಅದಕ್ಕೆ ಕರುಳಿನ ಔಷಧವನ್ನೇ ಕೊಡಬೇಕು. ಸ್ತನದಿಂದ ಹೊರಟದ್ದಕ್ಕೆ ಒಂದು ಬಗೆ, ಶ್ವಾಸಕೋಶದಿಂದ ಹೊರಟದ್ದಕ್ಕೆ ಇನ್ನೊಂದು ಬಗೆ, ಥೈರಾಯ್ಡಿನಿಂದ ಹೊರಟದ್ದಕ್ಕೆ ಬೇರೆಯೇ ದಾರಿ. ಊರು ತಿಳಿಯದ ರೋಗಿಗೆ ಕೊಡುವ ಔಷಧ ಅಂದಾಜಿನದು. ತಲುಪಿದರೆ ತಲುಪಿತು, ಇಲ್ಲದಿದ್ದರೆ ಇಲ್ಲ.

ಇತ್ತ ಮನೆಯಲ್ಲಿ ನೆಂಟರಿಷ್ಟರು ಬೇರೊಂದು ಹುಡುಕಾಟ ನಡೆಸಿದ್ದರು. "ಎಲ್ಲಿಂದ ಬಂತು ಇದು?" ಎಂದು ಅವರೂ ಕೇಳುತ್ತಿದ್ದರು. ಆದರೆ ಅವರ 'ಎಲ್ಲಿಂದ' ಬೇರೆ. ಎಲೆಅಡಿಕೆಯಿಂದ ಎಂದರು ಒಬ್ಬರು. ಅಕ್ಕ ಊಟವಾದ ಮೇಲೆ ಒಂದು ಕವಳ ಹಾಕುವವಳು ಎಂಬುದು ನಿಜ. ಕೊಳೆರೋಗಕ್ಕೆಂದು ತೋಟಕ್ಕೆ ಹೊಡೆಯುವ ಮೈಲುತುತ್ತದ ಗಾಳಿಯಿಂದ ಎಂದರು ಇನ್ನೊಬ್ಬರು. ನಾಗನ ಬನದ ಮರ ಕಡಿಸಿದ್ದರಿಂದ ಎಂದು ಒಬ್ಬ ಹಿರಿಯರು ಕವಡೆ ಹಾಕಿಸಿ ತಿಳಿದುಕೊಂಡು ಬಂದರು. ಮರ ಕಡಿಸಿದವರು ಅಕ್ಕನ ಮಾವ, ಅದೂ ನಲವತ್ತು ವರ್ಷದ ಹಿಂದೆ. ಎಲ್ಲರಿಗಿಂತ ಹೆಚ್ಚು ನೋಯಿಸಿದವರು "ಅಷ್ಟು ದಿನ ಯಾಕೆ ಸುಮ್ಮನಿದ್ದೆ?" ಎಂದು ಕೇಳಿದ ವಿದ್ಯಾವಂತರು. ರೋಗಿಯನ್ನು ನೋಡಲು ಬಂದವರು ಹಣ್ಣಿನ ಜೊತೆಗೆ ಒಂದೊಂದು ಕಾರಣವನ್ನೂ ಕೊಟ್ಟುಹೋಗುವ ಪದ್ಧತಿ ನಮ್ಮಲ್ಲಿ ಇದೆ. ಹಣ್ಣನ್ನಾದರೂ ಹಂಚಿಬಿಡಬಹುದು.

ಒಂದು ರಾತ್ರಿ ಅಕ್ಕ ಕತ್ತಲಲ್ಲಿ ನನ್ನನ್ನು ಕೇಳಿದಳು: "ನಾನೇನು ಮಾಡಿದ್ದಕ್ಕೆ ಬಂತೇ ಇದು?" ಮೂವತ್ತು ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಕೊಟ್ಟವಳಿಗೆ ಆ ಹೊತ್ತು ಬಾಯಿ ಬರಲಿಲ್ಲ. ಮರುವಾರ ಆ ಪ್ರಶ್ನೆಯನ್ನು ಅವಳ ಪರವಾಗಿ ಡಾಕ್ಟರ ಮುಂದಿಟ್ಟೆ. ಅವರು ಕನ್ನಡಕ ತೆಗೆದು, "ಯಾಕೆ ಬಂತು ಅಂತ ನನಗೆ ಗೊತ್ತಿಲ್ಲಮ್ಮ. ಎಲ್ಲಿಂದ ಬಂತು ಅಂತ ಹೇಳೋಕೆ ಪ್ರಯತ್ನ ಮಾಡ್ತೀವಿ" ಎಂದರು. ಆಮೇಲೆ ಕಾಗದದ ಮೇಲೆ ಮೂರಕ್ಷರ ಬರೆದುಕೊಟ್ಟರು: ಐ.ಎಚ್.ಸಿ.

ಅದರ ಪೂರ್ತಿ ಹೆಸರು ಇಮ್ಯುನೋಹಿಸ್ಟೋಕೆಮಿಸ್ಟ್ರಿ. ಒಂದೇ ಉಸಿರಿನಲ್ಲಿ ಹೇಳಲು ನನಗೆ ನಾಲ್ಕು ದಿನ ಬೇಕಾಯಿತು. ಆ ಆಸ್ಪತ್ರೆಯಲ್ಲಿ ಆ ಪರೀಕ್ಷೆ ಇರಲಿಲ್ಲ. ಅಕ್ಕನ ಗಂಟಿನ ಚೂರನ್ನು ಅಷ್ಟರಲ್ಲಾಗಲೇ ಮೇಣದಲ್ಲಿ ಹುದುಗಿಸಿ ಒಂದು ಬಿಲ್ಲೆ ಮಾಡಿದ್ದರು, ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಬೆಂಕಿಪೆಟ್ಟಿಗೆಗಿಂತ ಚಿಕ್ಕದು, ಬೆಳ್ಳನೆಯ ಮೇಣದ ನಡುವೆ ಕಂದು ಬಣ್ಣದ ಒಂದು ಕಲೆ. ಬೆಂಗಳೂರಿಗೆ ಒಯ್ಯಿರಿ, ಬಿಸಿಲಿಗೆ ಇಡಬೇಡಿ ಎಂದು ಹೇಳಿ ಕೊಟ್ಟರು. ಹತ್ತಿಯಲ್ಲಿ ಸುತ್ತಿ, ಕುಂಕುಮದ ಖಾಲಿ ಡಬ್ಬಿಯಲ್ಲಿಟ್ಟು, ರಾತ್ರಿ ರೈಲಿನಲ್ಲಿ ಕೈಚೀಲವನ್ನು ತಲೆಯಡಿಗೆ ಇಟ್ಟುಕೊಂಡು ಮಲಗಿದೆ. ನಿದ್ರೆ ಬಂತೆಂದು ಹೇಳಲಾರೆ.

ಬೆಂಗಳೂರಿನಲ್ಲಿ ನಮ್ಮ ನಾದಿನಿಯ ಮಗಳು ಒಂದು ಮೆಡಿಕಲ್ ಕಾಲೇಜಿನಲ್ಲಿ ಪ್ಯಾಥಾಲಜಿ ವಿಭಾಗದಲ್ಲಿದ್ದಾಳೆ. ನನಗೆ ತಿಳಿದಿರುವುದೆಲ್ಲ ಅವಳು ಹೇಳಿಕೊಟ್ಟದ್ದು. ಬಿ.ಎ., ಬಿ.ಎಡ್. ಓದಿದ ಕನ್ನಡದ ಟೀಚರಿಗೆ ಹೇಗೆ ಹೇಳಬೇಕೋ ಹಾಗೆ ಹೇಳಿದಳು. ಅವಳ ಮಾತಿನ ಸಾರ ಇಷ್ಟು. ನಮ್ಮ ಮೈಯ ಪ್ರತಿಯೊಂದು ಜೀವಕೋಶದಲ್ಲಿಯೂ ಇರುವುದು ಒಂದೇ ಪುಸ್ತಕ. ಆದರೆ ಯಾವ ಕೋಶವೂ ಇಡೀ ಪುಸ್ತಕವನ್ನು ಓದುವುದಿಲ್ಲ. ಶ್ವಾಸಕೋಶದ ಕೋಶ ತನಗೆ ಬೇಕಾದ ಪಾಠಗಳನ್ನು ತೆರೆಯುತ್ತದೆ, ಕರುಳಿನದು ತನ್ನವನ್ನು. ತೆರೆದ ಪಾಠಕ್ಕೆ ತಕ್ಕಂತೆ ಪ್ರೋಟೀನುಗಳು ತಯಾರಾಗುತ್ತವೆ. ಕೋಶ ಕೆಟ್ಟು ಕ್ಯಾನ್ಸರಾಗಿ, ರಕ್ತದಲ್ಲಿಯೋ ದುಗ್ಧನಾಳದಲ್ಲಿಯೋ ತೇಲಿಕೊಂಡು ಎಷ್ಟೇ ದೂರ ಹೋದರೂ, ಹುಟ್ಟಿದ ಮನೆಯಲ್ಲಿ ಕಲಿತ ಪಾಠಗಳನ್ನು ಎಷ್ಟೋ ಮಟ್ಟಿಗೆ ಓದುತ್ತಲೇ ಇರುತ್ತದೆ. ಆ ಪ್ರೋಟೀನನ್ನು ಹಿಡಿದರೆ ಊರು ಸಿಕ್ಕಿತು.

"ನಿಮ್ಮ ಎಂಟನೇ ಕ್ಲಾಸಿನ ಮಕ್ಕಳ ಹಾಗೆ, ಅತ್ತೆ" ಎಂದಳು. ಮಾತು ಕೇಳಿ ಊರು ಹೇಳುವ ನನ್ನ ವಿದ್ಯೆಯ ಪ್ರತಾಪ ಅವಳಿಗೆ ಚಿಕ್ಕಂದಿನಿಂದಲೂ ಗೊತ್ತು.

ಹಿಡಿಯುವುದು ಹೇಗೆ ಎಂಬುದೇ ಇದರ ಸ್ವಾರಸ್ಯ. ನಮ್ಮ ದೇಹಕ್ಕೆ ಹೊರಗಿನ ರೋಗಾಣು ಬಂದರೆ ದೇಹ ಅದಕ್ಕೇ ಹೊಂದುವ ಪ್ರತಿಕಾಯಗಳನ್ನು ಮಾಡುತ್ತದೆ. ಒಂದು ಬೀಗಕ್ಕೆ ಒಂದೇ ಕೀಲಿಕೈ. ಆ ಪ್ರತಿಕಾಯಕ್ಕೆ ಬಣ್ಣ ಕಟ್ಟಿ ಬಿಟ್ಟರೆ, ತನ್ನ ಬೀಗ ಎಲ್ಲಿದೆಯೆಂದು ಅದೇ ತೋರಿಸಿಕೊಡುತ್ತದಲ್ಲ ಎಂದು ಯೋಚಿಸಿದವರು ಅಮೆರಿಕದ ಆಲ್ಬರ್ಟ್ ಕೂನ್ಸ್. 1939ರ ಬೇಸಿಗೆಯಲ್ಲಿ ಬರ್ಲಿನ್ನಿಗೆ ಹೋಗಿದ್ದಾಗ ಹೊಳೆದ ವಿಚಾರವಂತೆ. ಯುದ್ಧ ಬಾಗಿಲಲ್ಲಿ ನಿಂತಿದ್ದ ಊರಿನಲ್ಲಿ ತಿರುಗಾಡುತ್ತಾ ಒಬ್ಬ ಮನುಷ್ಯ ಇಂಥದ್ದನ್ನು ಯೋಚಿಸುತ್ತಿದ್ದ ಎಂಬುದು ನನಗೆ ಇಂದಿಗೂ ಆಶ್ಚರ್ಯ. 1941ರಲ್ಲಿ ಅವರು ಮತ್ತು ಸಂಗಡಿಗರು ನ್ಯುಮೋನಿಯಾ ತರುವ ರೋಗಾಣುವಿನ ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಕಟ್ಟಿ ತೋರಿಸಿದರು. ಹೊಳೆಯುವ ಬಣ್ಣಕ್ಕೆ ವಿಶೇಷ ಸೂಕ್ಷ್ಮದರ್ಶಕ ಬೇಕಿತ್ತು. 1960ರ ದಶಕದಲ್ಲಿ ಬಣ್ಣದ ಬದಲು ಕಿಣ್ವವನ್ನು ಕಟ್ಟುವುದನ್ನು ಕಂಡುಕೊಂಡರು. ಆಗ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿಯೇ ಕಂದು ಬಣ್ಣ ಕಾಣುವಂತಾಯಿತು.

ಆದರೆ ಶುದ್ಧವಾದ ಪ್ರತಿಕಾಯ ಬೇಕಾದಷ್ಟು ಸಿಗಬೇಕಲ್ಲ. ಪ್ರಾಣಿಗೆ ಚುಚ್ಚಿ ತೆಗೆದ ರಕ್ತದಲ್ಲಿ ನೂರೆಂಟು ಬಗೆಯವು ಬೆರೆತಿರುತ್ತವೆ. ಒಂದೇ ಬಗೆಯ ಪ್ರತಿಕಾಯವನ್ನು ಮಾಡುವ ಕೋಶವನ್ನು ಬೇರ್ಪಡಿಸಿ ಬೆಳೆಸೋಣವೆಂದರೆ ಅದು ಕೆಲವೇ ದಿನಗಳಲ್ಲಿ ಸಾಯುತ್ತದೆ. 1975ರಲ್ಲಿ ಕೇಂಬ್ರಿಜ್‌ನಲ್ಲಿ ಸೀಸರ್ ಮಿಲ್‌ಸ್ಟೈನ್ ಮತ್ತು ಜಾರ್ಜ್ ಕೋಲರ್ ಇದಕ್ಕೊಂದು ಉಪಾಯ ಮಾಡಿದರು. ಇಲಿಯ ಪ್ರತಿಕಾಯದ ಕೋಶವನ್ನು ಇಲಿಯದೇ ಒಂದು ಕ್ಯಾನ್ಸರ್ ಕೋಶದ ಜೊತೆ ಬೆಸೆದರು. ಒಂದಕ್ಕೆ ವಿದ್ಯೆ ಇತ್ತು, ಆಯುಷ್ಯವಿರಲಿಲ್ಲ. ಇನ್ನೊಂದಕ್ಕೆ ಸಾವೇ ಇರಲಿಲ್ಲ. ಎರಡೂ ಸೇರಿ ಹುಟ್ಟಿದ ಕೋಶ ಸಾಯದೆ ಒಂದೇ ಬಗೆಯ ಪ್ರತಿಕಾಯವನ್ನು ಸುರಿಸುತ್ತಾ ಕುಳಿತಿತು. ಕ್ಯಾನ್ಸರನ್ನು ಗುರುತಿಸುವ ಉಪಕರಣ ಹುಟ್ಟಿದ್ದು ಕ್ಯಾನ್ಸರಿನ ಹಟಮಾರಿ ಬಾಳಿಕೆಯಿಂದಲೇ. ಇದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ, ದುಃಖಕ್ಕಲ್ಲ.

ಮಿಲ್‌ಸ್ಟೈನ್ ಅರ್ಜೆಂಟೀನಾದಲ್ಲಿ ಹುಟ್ಟಿದವರು. ಅಲ್ಲಿಯ ರಾಜಕೀಯದ ಗಲಾಟೆಯಿಂದ ಊರು ಬಿಟ್ಟು ಇಂಗ್ಲೆಂಡಿಗೆ ಬಂದು ನೆಲೆಸಿದವರು. ಈ ಉಪಾಯಕ್ಕೆ ಪೇಟೆಂಟ್ ಪಡೆಯಲಿಲ್ಲ. ಅದನ್ನು ಬಳಸಿ ಎಷ್ಟೋ ಕಂಪನಿಗಳು ಬೆಳೆದವು. 1984ರಲ್ಲಿ ಇಬ್ಬರಿಗೂ, ನೀಲ್ಸ್ ಯೆರ್ನೆ ಎಂಬ ಇನ್ನೊಬ್ಬರಿಗೂ ಸೇರಿ ನೊಬೆಲ್ ಬಂತು.

ಇಷ್ಟೆಲ್ಲ ಕೇಳಿದ ಮೇಲೆ ಪ್ರಯೋಗಾಲಯವನ್ನು ನೋಡದೆ ಇರಲಾಗಲಿಲ್ಲ. ದಸರಾ ರಜೆಯಲ್ಲಿ ಅವಳ ಜೊತೆ ಹೋದೆ. ಏನೇನೋ ದೊಡ್ಡ ಯಂತ್ರಗಳಿರುತ್ತವೆ ಎಂದುಕೊಂಡಿದ್ದವಳಿಗೆ ಮೊದಲು ಕಂಡದ್ದು, ನಂಬಿದರೆ ನಂಬಿ, ಪ್ರೆಶರ್ ಕುಕ್ಕರ್. ನಮ್ಮ ಅಡುಗೆಮನೆಯಲ್ಲಿರುವಂಥದ್ದೇ. ಇಡ್ಲಿಗಿಟ್ಟಿದ್ದಾರೇನೋ ಎಂದು ನೋಡಿದರೆ ಒಳಗೆ ಗಾಜಿನ ಪಟ್ಟಿಗಳು.

ಅದರ ಕಥೆ ಹೀಗೆ. ಗಂಟಿನ ಚೂರನ್ನು ಕೊಳೆಯದ ಹಾಗೆ ಮೊದಲು ಫಾರ್ಮಲಿನ್ನಿನಲ್ಲಿ ನೆನೆಹಾಕುತ್ತಾರೆ. ಫಾರ್ಮಲಿನ್ ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದು ಗಟ್ಟಿಮಾಡುತ್ತದೆ. ಗಟ್ಟಿಯೇನೋ ಆಗುತ್ತದೆ, ಆದರೆ ನಾವು ಹುಡುಕುವ ಗುರುತು ಆ ಹೆಣಿಗೆಯ ಒಳಗೆ ಮುಚ್ಚಿಹೋಗುತ್ತದೆ, ಪ್ರತಿಕಾಯಕ್ಕೆ ಸಿಗುವುದಿಲ್ಲ. ಎಷ್ಟೋ ಕಾಲ ಇದೇ ತೊಡಕಾಗಿತ್ತು. ಚೀನಾದಿಂದ ಅಮೆರಿಕಕ್ಕೆ ಹೋಗಿದ್ದ ಶಾನ್‌ರಾಂಗ್ ಶೀ ಎಂಬವರು ಗ್ರಂಥಾಲಯದಲ್ಲಿ ಕುಳಿತು 1940ರ ದಶಕದ ಹಳೆಯ ಲೇಖನಗಳನ್ನು ಓದಿದಾಗ, ಜೋರಾಗಿ ಕಾಯಿಸಿದರೆ ಫಾರ್ಮಲಿನ್ನಿನ ಹೆಣಿಗೆ ಬಿಚ್ಚಿಕೊಳ್ಳುತ್ತದೆ ಎಂಬ ಮಾತು ಸಿಕ್ಕಿತು. ಪಟ್ಟಿಗಳನ್ನು ಮೈಕ್ರೊವೇವ್ ಒಲೆಯಲ್ಲಿಟ್ಟು ಕುದಿಸಿದರು. ಗುರುತುಗಳು ಎದ್ದು ಬಂದವು. 1991ರಲ್ಲಿ ಅದನ್ನು ಪ್ರಕಟಿಸಿದರು. ಕೆಲವೇ ವರ್ಷಗಳಲ್ಲಿ ಯಾರೋ ಜಾಣರು ಕುಕ್ಕರನ್ನು ತಂದರು. ಸುಮಾರು ನಲವತ್ತು ವರ್ಷ ಕಪಾಟಿನಲ್ಲಿದ್ದ ಹಳೆಯ ಕಾಗದವನ್ನು ಒಬ್ಬರು ಧೂಳು ಕೊಡವಿ ಓದಿದ್ದರಿಂದ ಆದದ್ದು ಇದು. ಶಾಲೆಯ ಗ್ರಂಥಾಲಯದ ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕಬೇಕು ಎನ್ನುವವರಿಗೆ ನಾನು ಈಗ ಈ ಕಥೆಯನ್ನು ಹೇಳುತ್ತೇನೆ. ಅವರು ಕೇಳುವುದಿಲ್ಲ, ಆ ಮಾತು ಬೇರೆ.

ಮೇಣದ ಬಿಲ್ಲೆಯನ್ನು ಒಂದು ಯಂತ್ರಕ್ಕೆ ಸಿಕ್ಕಿಸಿ ಒಬ್ಬ ಹುಡುಗ ಕೈಹಿಡಿ ತಿರುಗಿಸುತ್ತಿದ್ದ. ಒಂದೊಂದು ಸುತ್ತಿಗೂ ಒಂದೊಂದು ಪದರ, ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿ ಅದರಲ್ಲಿ ಮೂರು ನಾಲ್ಕು ಪಾಲಿನಷ್ಟು ತೆಳ್ಳಗೆ, ರಿಬ್ಬನ್ನಿನಂತೆ ಇಳಿಯುತ್ತಿತ್ತು. ಉಸಿರು ತಗಲಿದರೆ ಹಾರಿಹೋಗುತ್ತದೆಂದು ನನ್ನನ್ನು ದೂರ ನಿಲ್ಲಿಸಿದರು. ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು ಸುಕ್ಕು ಬಿಡಿಸಿ, ಗಾಜಿನ ಪಟ್ಟಿಯಿಂದ ಮೆಲ್ಲಗೆ ಎತ್ತುತ್ತಾನೆ. ಹೆಂಚಿನಿಂದ ನೀರುದೋಸೆ ಎಬ್ಬಿಸುವ ಕೈಗೆ ಈ ಕೆಲಸ ಬಂದೀತು ಎಂದು ನನಗನ್ನಿಸಿತು, ಹೇಳಲಿಲ್ಲ. ಆಮೇಲೆ ಮೇಣ ಕರಗಿಸಿ, ಸಿಟ್ರೇಟ್ ದ್ರಾವಣದಲ್ಲಿ, ಎಂದರೆ ನಿಂಬೆಹುಳಿಯ ಉಪ್ಪಿನ ನೀರಿನಲ್ಲಿ, ಕುಕ್ಕರಿನೊಳಗೆ ಎರಡು ಮೂರು ನಿಮಿಷ ಬೇಯಿಸುವುದು. ಆರಿಸುವುದು. ಪ್ರತಿಕಾಯದ ಹನಿ ಹಾಕುವುದು, ಕಾಯುವುದು, ತೊಳೆಯುವುದು. ಕಿಣ್ವ ಕಟ್ಟಿದ ಎರಡನೆಯ ಪ್ರತಿಕಾಯ, ಮತ್ತೆ ಕಾಯುವುದು, ತೊಳೆಯುವುದು. ಕೊನೆಗೆ ಬಣ್ಣದ ರಾಸಾಯನಿಕ. ಗುರುತು ಇದ್ದ ಕಡೆ ಕಾಫಿ ಡಿಕಾಕ್ಷನ್ನಿನ ಬಣ್ಣ ಬರುತ್ತದೆ. ಇಲ್ಲದ ಕಡೆ ಹೆಮಟಾಕ್ಸಿಲಿನ್ನಿನ ನೀಲಿ. ಆ ನೀಲಿ ಮಧ್ಯ ಅಮೆರಿಕದ ಒಂದು ಮರದ ತಿರುಳಿನಿಂದ ಬರುತ್ತದಂತೆ.

ಪ್ರತಿ ಸಲವೂ ರೋಗಿಯ ಚೂರಿನ ಜೊತೆಗೆ ಉತ್ತರ ಮೊದಲೇ ಗೊತ್ತಿರುವ ಇನ್ನೊಂದು ಚೂರನ್ನು ಇಟ್ಟಿರುತ್ತಾರೆ. ಎಂದೋ ತೆಗೆದ ಅಪೆಂಡಿಕ್ಸೋ ಟಾನ್ಸಿಲೋ ಇರಬಹುದು. ಅದರಲ್ಲಿ ಬಣ್ಣ ಬರಬೇಕಾದ ಕಡೆ ಬರದಿದ್ದರೆ ಆ ದಿನದ ಕೆಲಸವೆಲ್ಲ ಕಸ, ಮತ್ತೆ ಮೊದಲಿನಿಂದ. ಈ ಪದ್ಧತಿ ನನಗೆ ಬಹಳ ಹಿಡಿಸಿತು.

ಗುರುತುಗಳ ಹೆಸರು ಮಾತ್ರ ಕಬ್ಬಿಣದ ಕಡಲೆ. ಮೊದಲು ಕುಲ ಕೇಳುತ್ತಾರೆ: ಅಂಗಗಳ ಹೊದಿಕೆಯ ಕೋಶವೋ, ರಕ್ತದ ಬಿಳಿಕಣದ ಬಳಗವೋ, ಚರ್ಮಕ್ಕೆ ಬಣ್ಣ ಕೊಡುವ ಕೋಶವೋ. ಮನುಷ್ಯರನ್ನು ಕೇಳಬಾರದ ಪ್ರಶ್ನೆಯಾದರೂ ಗಂಟನ್ನು ಕೇಳಲೇಬೇಕು. ಬಿಳಿಕಣದ ಬಳಗದ್ದಾದರೆ ಅದು ಲಿಂಫೋಮಾ, ಅದರಲ್ಲಿ ಎಷ್ಟೋ ಬಗೆಗಳು ಪೂರ್ತಿ ವಾಸಿಯಾಗುವಂಥವು. ತಪ್ಪಾಗಿ ಓದಿದರೆ ಬದುಕಬಹುದಾದವರು ಹೋಗಿಬಿಡುತ್ತಾರೆ. ಆಮೇಲೆ ಊರು. ಕೆರಟಿನ್ ಎಂಬ ಪ್ರೋಟೀನುಗಳಲ್ಲಿ ಏಳನೆಯದು ಮತ್ತು ಇಪ್ಪತ್ತನೆಯದು, ಸಿ.ಕೆ.7, ಸಿ.ಕೆ.20, ಇವೆರಡೂ ದಿಕ್ಕು ತೋರಿಸುತ್ತವೆ. ಏಳು ಇದ್ದು ಇಪ್ಪತ್ತು ಇಲ್ಲದಿದ್ದರೆ ಸ್ತನ, ಶ್ವಾಸಕೋಶ, ಅಂಡಾಶಯದ ದಿಕ್ಕು. ಇಪ್ಪತ್ತು ಇದ್ದು ಏಳು ಇಲ್ಲದಿದ್ದರೆ ದೊಡ್ಡಕರುಳಿನ ದಿಕ್ಕು. ಟಿ.ಟಿ.ಎಫ್.1 ಬಂದರೆ ಶ್ವಾಸಕೋಶ ಅಥವಾ ಥೈರಾಯ್ಡ್. ಸಿ.ಡಿ.ಎಕ್ಸ್.2 ಎಂದರೆ ಕರುಳು. ಗಂಡಸರಲ್ಲಿ ಪಿ.ಎಸ್.ಎ. ಬಂದರೆ ಪ್ರಾಸ್ಟೇಟ್. ಗಾಟಾ3 ಎಂದರೆ ಸ್ತನ ಅಥವಾ ಮೂತ್ರಕೋಶ. ಪಾಕ್ಸ್8 ಎಂದರೆ ಅಂಡಾಶಯ, ಮೂತ್ರಪಿಂಡ ಅಥವಾ ಥೈರಾಯ್ಡ್.

'ಅಥವಾ' ಎಂಬ ಪದ ಎಷ್ಟು ಸಲ ಬರುತ್ತದೆ ನೋಡಿ. ಯಾವ ಗುರುತೂ ಒಂದೇ ಊರಿನ ಸ್ವತ್ತಲ್ಲ. ಒಂದು ಸಾಕ್ಷಿಯನ್ನು ನಂಬಿ ತೀರ್ಪು ಕೊಡುವಂತಿಲ್ಲ, ಐದಾರು ಸಾಕ್ಷಿಗಳನ್ನು ಕರೆಸಬೇಕು. ಬಂದವರಷ್ಟೇ ಬಾರದವರೂ ಮುಖ್ಯ. ಜೊತೆಗೆ ರೋಗಿಯ ವಯಸ್ಸು, ಗಂಡೋ ಹೆಣ್ಣೋ, ಗಂಟು ಎಲ್ಲಿದೆ ಎಂಬುದನ್ನೂ ಇಟ್ಟುಕೊಂಡು ಓದಬೇಕು. ಚೀಟಿಯಲ್ಲಿ ಏನೂ ಬರೆಯದೆ ಬರಿಯ ಬ್ಲಾಕ್ ಕಳಿಸುವ ಡಾಕ್ಟರರ ಮೇಲೆ ನನ್ನ ಸೊಸೆಗೆ ಬಹಳ ಸಿಟ್ಟು. ಹೆಸರಿಲ್ಲದ ಉತ್ತರಪತ್ರಿಕೆ ಕೈಗೆ ಬಂದಾಗ ನನಗೆ ಬರುವ ಸಿಟ್ಟಿನಂಥದ್ದೇ. ಬೇಕೆಂದ ಗುರುತುಗಳನ್ನೆಲ್ಲ ಹಾಕಿ ನೋಡಲೂ ಆಗುವುದಿಲ್ಲ. ಒಂದೊಂದಕ್ಕೂ ಬೇರೆ ಬೇರೆ ದುಡ್ಡು. ಚೂರೂ ಸಣ್ಣದು, ಕತ್ತರಿಸುತ್ತಾ ಹೋದರೆ ಮುಗಿದುಹೋಗುತ್ತದೆ. ಆದ್ದರಿಂದ ಕೇಳುವ ಪ್ರಶ್ನೆಗಳನ್ನು ಆರಿಸಬೇಕು. ಒಳ್ಳೆಯ ಪ್ರಶ್ನೆಪತ್ರಿಕೆ ತೆಗೆಯುವುದು ಉತ್ತರ ಬರೆಯುವುದಕ್ಕಿಂತ ಕಷ್ಟ ಎಂದು ನಮ್ಮ ಕಸುಬಿನವರಿಗೆ ಗೊತ್ತು.

ಅಕ್ಕನ ವರದಿಗೆ ಹನ್ನೆರಡು ದಿನ ಕಾದೆವು. ಸಿ.ಕೆ.7 ಇದೆ. ಸಿ.ಕೆ.20 ಇಲ್ಲ. ಟಿ.ಟಿ.ಎಫ್.1 ಇಲ್ಲ, ಶ್ವಾಸಕೋಶ ದೂರವಾಯಿತು. ಪಾಕ್ಸ್8 ಇಲ್ಲ, ಅಂಡಾಶಯವೂ ದೂರವಾಯಿತು. ಗಾಟಾ3 ಇದೆ. ಈಸ್ಟ್ರೋಜೆನ್ ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನು, ಇ.ಆರ್., ಅದು ಧಾರಾಳವಾಗಿ ಇದೆ. ಎಲ್ಲ ಸಾಕ್ಷಿಗಳೂ ಒಂದೇ ಊರನ್ನು ಹೇಳಿದವು: ಸ್ತನ. ಮ್ಯಾಮೊಗ್ರಾಮಿನಲ್ಲಿ ಏನೂ ಕಾಣದ, ಆಮೇಲೆ ಮಾಡಿಸಿದ ಎಂ.ಆರ್.ಐ.ಯಲ್ಲಿಯೂ ಏನೂ ಕಾಣದ ಅದೇ ಎಡಸ್ತನ. ಕಂಕುಳಿನ ಗಂಟೆಂದರೆ ಮೊದಲ ಅನುಮಾನ ಅಲ್ಲಿಯೇ ಇರುತ್ತದೆ, ಆದರೆ ಅನುಮಾನದ ಮೇಲೆ ಚಿಕಿತ್ಸೆ ಮಾಡುವುದಕ್ಕೂ ಗೊತ್ತುಮಾಡಿಕೊಂಡು ಮಾಡುವುದಕ್ಕೂ ವ್ಯತ್ಯಾಸವಿದೆ ಎಂದರು ಡಾಕ್ಟರು. ಸ್ತನವನ್ನು ತೆಗೆಯಲಿಲ್ಲ. ಕಂಕುಳಿನ ಗ್ರಂಥಿಗಳನ್ನು ತೆಗೆದರು, ಕೀಮೋಥೆರಪಿ ಕೊಟ್ಟರು, ಎಡಸ್ತನಕ್ಕೆ ವಿಕಿರಣ ಕೊಟ್ಟರು. ಮುಂದೆ ವರ್ಷಗಟ್ಟಲೆ ದಿನಕ್ಕೊಂದು ಹಾರ್ಮೋನಿನ ಮಾತ್ರೆ. ಆ ಕಂದು ಬಣ್ಣ ಕಾಣದಿದ್ದರೆ ಆ ಮಾತ್ರೆಯನ್ನು ಬರೆಯಲು ಯಾರಿಗೂ ಆಧಾರವೇ ಇರುತ್ತಿರಲಿಲ್ಲ.

ಎಲ್ಲರಿಗೂ ಹೀಗಾಗುವುದಿಲ್ಲ. ವಿಕಿರಣಕ್ಕೆ ಕಾಯುವ ಜಾಗದಲ್ಲಿ ದಾವಣಗೆರೆ ಕಡೆಯ ಒಬ್ಬ ಮುದುಕರು ದಿನವೂ ಸಿಗುತ್ತಿದ್ದರು. ಬೆನ್ನುಮೂಳೆಯಲ್ಲಿ ಗಂಟು. ಅವರ ಚೂರಿಗೂ ಇದೇ ಪರೀಕ್ಷೆ ಆಗಿತ್ತು, ಒಂದಲ್ಲ, ಎರಡು ಸಲ. ಕೋಶಗಳು ಎಷ್ಟು ಕೆಟ್ಟಿದ್ದವೆಂದರೆ ಯಾವ ಗುರುತೂ ಸರಿಯಾಗಿ ಬರಲಿಲ್ಲವಂತೆ. ಹುಟ್ಟಿದ ಮನೆಯ ಮಾತನ್ನು ಪೂರ್ತಿ ಮರೆತ ಕೋಶಗಳು. ನೋವು ಕಡಿಮೆಯಾಗಲೆಂದು ವಿಕಿರಣ ಕೊಡುತ್ತಿದ್ದರು. "ನಂದು ಯಾವ ಊರಿಂದು ಅಂತ ಅದಕ್ಕೇ ಗೊತ್ತಿಲ್ಲಂತ ತಾಯಿ" ಎಂದು ನಕ್ಕರು. ಮೂರನೆಯ ವಾರ ಅವರು ಬರಲಿಲ್ಲ. ಮಗನಿಗೆ ಫೋನ್ ಮಾಡಿ ಕೇಳುವ ಧೈರ್ಯ ನಮಗೆ ಬರಲಿಲ್ಲ.

ಎಲ್ಲಿಂದ ಎಂಬುದು ತಿಳಿದ ಮೇಲೆಯೂ ಯಾಕೆ ಎಂಬುದು ಹಾಗೆಯೇ ಉಳಿಯಿತು. ಆದರೆ ಒಂದು ಬದಲಾವಣೆಯನ್ನು ನಾನು ಕಣ್ಣಾರೆ ಕಂಡೆ. ಯಾರಾದರೂ ಮೈಲುತುತ್ತದ ಮಾತೋ ನಾಗನ ಬನದ ಮಾತೋ ತೆಗೆದರೆ ಅಕ್ಕ ಮೊದಲಿನಂತೆ ತಲೆ ತಗ್ಗಿಸಿ ಕೂರುತ್ತಿರಲಿಲ್ಲ. "ಅದು ಎಲ್ಲಿಂದ ಬಂತು ಅಂತ ಗೊತ್ತಾಗಿದೆ ಮಾರಾಯರೇ, ವರದಿ ಇದೆ" ಎಂದು ಎದ್ದು ಒಳಗೆ ಹೋಗಿ ಫೈಲನ್ನೇ ತಂದು ತೋರಿಸುತ್ತಿದ್ದಳು. ಓದಲು ಅವರಿಗೂ ಬರುತ್ತಿರಲಿಲ್ಲ, ಅವಳಿಗೂ ಬರುತ್ತಿರಲಿಲ್ಲ. ಗಾಟಾ3 ಎಂಬುದನ್ನು ಮಾತ್ರ ಅವಳು 'ಘಾಟಿ ಮೂರು' ಎಂದು ನೆನಪಿಟ್ಟುಕೊಂಡಿದ್ದಾಳೆ, ಆಗುಂಬೆ ಘಾಟಿಯ ತಿರುವಿನಂತೆ. ನಾನು ತಿದ್ದಲು ಹೋಗಿಲ್ಲ.

ನನ್ನ ಸೊಸೆಯನ್ನು ಒಮ್ಮೆ ಕೇಳಿದೆ: ದಿನಕ್ಕೆ ಇಷ್ಟು ಜನರ ಊರು ಹೇಳುತ್ತೀಯಲ್ಲ, ಅವರಲ್ಲಿ ಯಾರ ಮುಖವನ್ನಾದರೂ ನೋಡುತ್ತೀಯಾ? "ಇಲ್ಲ ಅತ್ತೆ, ನಂಬರ್ ನೋಡ್ತೀನಿ ಅಷ್ಟೆ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ದೊಡ್ಡತ್ತೆಯ ಪಟ್ಟಿ ನೋಡುವಾಗ ಮಾತ್ರ ಕೈ ನಡುಗಿತ್ತು. ಅದಕ್ಕೇ ನಾನು ಸಹಿ ಮಾಡಲಿಲ್ಲ, ನಮ್ಮ ಮೇಡಂ ಹತ್ತಿರ ಓದಿಸಿದೆ" ಎಂದಳು.

ಕೆಲಸ ಮುಗಿದ ಮೇಲೆ ಬ್ಲಾಕನ್ನು ನಮಗೇ ಹಿಂದಕ್ಕೆ ಕೊಟ್ಟರು. ಮುಂದೆ ಬೇಕಾದರೂ ಬೇಕಾಗಬಹುದು, ಜೋಪಾನವಾಗಿಡಿ ಎಂದರು. ಹೊಸ ಗುರುತೋ ಹೊಸ ಔಷಧವೋ ಬಂದರೆ ಅದೇ ಚೂರಿನಿಂದ ಇನ್ನೊಂದು ಪದರ ಕತ್ತರಿಸಿ ನೋಡಬಹುದಂತೆ, ಎಷ್ಟು ವರ್ಷ ಕಳೆದರೂ. ಅಕ್ಕ ಅದನ್ನು ಅದೇ ಕುಂಕುಮದ ಡಬ್ಬಿಯಲ್ಲಿಟ್ಟು ಗೋದ್ರೇಜ್ ಬೀರುವಿನಲ್ಲಿ ಬೆಳ್ಳಿಯ ಪಾತ್ರೆಗಳ ಪಕ್ಕದಲ್ಲಿ ಇಟ್ಟಿದ್ದಾಳೆ. ಕಳೆದ ಏಪ್ರಿಲ್‌ನಲ್ಲಿ ಹೋದಾಗ ಬೀರು ತೆಗೆದರೆ ಡಬ್ಬಿ ಕಾಣಲಿಲ್ಲ. ಗಾಬರಿಯಿಂದ ಕೇಳಿದೆ. ಅವಳು ಬೆಳಗಿನ ಮಾತ್ರೆಯನ್ನು ನುಂಗಿ, ನೀರು ಕುಡಿದು, ನಿಧಾನವಾಗಿ ಹೇಳಿದಳು: "ಬಚ್ಚಲಮನೆ ಪಕ್ಕದ ಗೂಡಲ್ಲಿ ಇಟ್ಟಿದೀನಿ ಕಣೇ, ಅಲ್ಲಿ ತಂಪು. ಈ ಬೇಸಿಗೆಗೆ ಬೀರು ಕಾದ ಹೆಂಚಾಗತ್ತೆ. ಮೇಣ ಅಲ್ವೇ, ಕರಗಿ ಗಿರಗಿ ಹೋದರೆ?"